ತಲೆ ಎಣಿಸಿ ಕೊಟ್ಟ ಗುಳಿಗೆ

ನಮ್ಮ ಕಡೆ ಚಳಿಜ್ವರಕ್ಕೆ ಪಾಳಿ ಎನ್ನುತ್ತಾರೆ. ಒಂದು ದಿನ ಬಂದು, ಮರುದಿನ ಬಿಟ್ಟು, ಮತ್ತೆ ಅದೇ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುವ ಜ್ವರ ಅದು. ನಮ್ಮೂರು ಮರಳಿಯ ಸುತ್ತಿನ ಗದ್ದೆಬಯಲಿನಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಮನೆಗೊಬ್ಬರಾದರೂ ಕಂಬಳಿ ಹೊದ್ದು ಮಲಗಿರುತ್ತಿದ್ದರು. ನಾಟಿಗೆ ಆಳು ಗೊತ್ತು ಮಾಡುವಾಗ ಅಪ್ಪ ಯಾರ ಪಾಳಿ ಯಾವತ್ತು ಎಂದು ಕೇಳಿಕೊಂಡೇ ದಿನ ಹೇಳುತ್ತಿದ್ದ. "ಇವತ್ತ ನಿಂದೋ, ನಂದೋ?" ಎಂದು ಗದ್ದೆಗೆ ಹೋಗುವವರು ನಗುತ್ತಲೇ ವಿಚಾರಿಸಿಕೊಳ್ಳುತ್ತಿದ್ದರು. ನಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪಾಳಿಗೆ ನುಂಗುವ ಕೊಯಿನಾ ಗುಳಿಗೆಯೂ ಸಿಗದಾಯಿತು. ಗಂಗಾವತಿಯ ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಫೌಜಿಗೆ ಹೋತರಿ" ಎನ್ನುತ್ತಿದ್ದರು. ಆ ಮಳೆಗಾಲದಲ್ಲೇ ಹೈದರಾಬಾದಿನಿಂದ ಒಬ್ಬ ಡಾಕ್ಟರರು ಬಂದು ನಮ್ಮೂರ ಚಾವಡಿಯ ಪಕ್ಕದ ಖಾಲಿ ಮನೆಯಲ್ಲಿ ಇಳಿದುಕೊಂಡರು. ಅವರು ಬಂದದ್ದು ರೋಗಿಗಳಿಗಿಂತ ಹೆಚ್ಚಾಗಿ ರೋಗವನ್ನು ನೋಡಲು. ಕೊಯಿನಾ ಬದಲಿಗೆ ಹೊಸದೊಂದು ಹಳದಿ ಗುಳಿಗೆ ಬಂದಿತ್ತು. ಅದನ್ನು ಬಿಡದೆ ನುಂಗಿದರೆ ಪಾಳಿ ತಪ್ಪುತ್ತದೆಯೇ ಎಂದು ಅವರು ಪರೀಕ್ಷಿಸಬೇಕಿತ್ತು. ಅದಕ್ಕೆ ಅರ್ಧ ಮನೆಗಳಿಗೆ ನಿಜವಾದ ಗುಳಿಗೆ, ಉಳಿದ ಮನೆಗಳಿಗೆ ಅರಿಷಿಣ ಕಲೆಸಿದ ಹಿಟ್ಟಿನ ಗುಳಿಗೆ. ಯಾವ ಮನೆಗೆ ಯಾವುದು ಎಂಬುದು ಅವರೊಬ್ಬರಿಗೇ ಗೊತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಗುಳಿಗೆ ಹಂಚುವಾಗ ನಾನು ಹೈದರಾಬಾದಿನಲ್ಲಿ ಕಾಲೇಜಿನಲ್ಲಿದ್ದೆ.

ಹಂಚಿದ ಬಗೆಯನ್ನು ಅಪ್ಪನೇ ಹೇಳಿದ್ದ. ಡಾಕ್ಟರರ ಜೊತೆಗಿದ್ದ ಗಂಗಾವತಿಯ ಕಂಪೌಂಡರ್ ಕಟ್ಟೆಯ ಮೇಲೆ ನಿಂತು, "ಗೌಡ್ರ, ಮನ್ಯಾಗ ಎಷ್ಟು ತಲಿ?" ಎಂದು ಕೇಳಿದ. ಅಪ್ಪ, "ಏಳು" ಎಂದ. ತಲೆಗಿಷ್ಟರಂತೆ ಗುಳಿಗೆ ಎಣಿಸಿ ಅಪ್ಪನ ಪಂಚೆಯ ಸೆರಗಿಗೆ ಸುರಿದರು. ಅಷ್ಟೇ. ಒಳಗಿನವರನ್ನು ಯಾರೂ ಕರೆಯಲಿಲ್ಲ, ಯಾರೂ ಹೊರಗೆ ಬರಲಿಲ್ಲ.

ಏಳನೆಯ ತಲೆ ನನ್ನ ಅಕ್ಕ. ಅವಳನ್ನು ಯಲಬುರ್ಗಿ ಕಡೆಯ ಎರೆಹೊಲದ ಸೀಮೆಗೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಬಂದವಳು ಬಸುರಿ. ಮೊದಲನೆಯದು ನಿಂತಿರಲಿಲ್ಲ. "ಕಾಲವಿ ನೀರಿನ ಊರಿಗೆ ಕಳಿಸಂಗಿಲ್ಲ" ಎಂದು ಅತ್ತೆಮನೆಯವರು ಹಟ ಹಿಡಿದಿದ್ದರಂತೆ. ಅಪ್ಪ ಹೋಗಿ, "ನನ್ನ ಮಗಳ ಜೀವಕ್ಕ ನಾನದೀನಿ" ಎಂದು ಮಾತು ಕೊಟ್ಟು ಕರೆತಂದಿದ್ದ. ಹೊಟ್ಟೆಯ ಸುದ್ದಿಯನ್ನು ಹೊರಗಿನ ಗಂಡಸಿನೆದುರು ಆಡುವುದು ನಮ್ಮಲ್ಲಿಲ್ಲ, ಅದರಲ್ಲೂ ಒಮ್ಮೆ ಕಳೆದುಕೊಂಡವಳದ್ದು. ಆದ್ದರಿಂದ ಅಪ್ಪ ತಲೆ ಎಣಿಸಿ ಹೇಳಿದ, ಅದರಲ್ಲೊಂದು ಬಸುರಿಯದು ಎಂದು ಹೇಳಲಿಲ್ಲ. ಡಾಕ್ಟರರೂ ಕೇಳಲಿಲ್ಲ.

ಮುಂದಿನದು ಬರೀ ಮಮತೆಯಿಂದ ಆದದ್ದು. ಗುಳಿಗೆ ವಿಪರೀತ ಕಹಿ. ಕಾಕಾ ಎರಡು ದಿನ ನುಂಗಿ ಮೂಗು ಮುರಿದ. ಅಪ್ಪನಿಗೆ ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿ ನೆನಪಾಗುತ್ತಿರಲಿಲ್ಲ. ಮನೆಯಲ್ಲಿ ಕಾಪಾಡಬೇಕಾದ ಜೀವ ಅಕ್ಕನದಲ್ಲವೇ? ತುಪ್ಪ ಕಾಸಿದರೆ, ಬೆಲ್ಲದಚ್ಚು ಒಡೆದರೆ ಮೊದಲ ಪಾಲು ಅವಳಿಗೆ ಹೋಗುತ್ತಿದ್ದ ಹಾಗೆ ಎಲ್ಲರ ಪಾಲಿನ ಗುಳಿಗೆಯೂ ಅವಳಿಗೇ ಹೋಯಿತು. ಅವ್ವ ಬೆಲ್ಲದಲ್ಲಿ ಮುಚ್ಚಿ ಅಂಗೈಗೆ ಹಾಕುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಪಾಳಿ ಅವಳ ಹತ್ತಿರ ಸುಳಿಯಲಿಲ್ಲ. ಎಲ್ಲರೂ ಹಿಗ್ಗಿದರು.

ದಸರೆಯ ಸೂಟಿಗೆಂದು ನಾನು ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದು, ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಬೂದಿ ಮೆತ್ತಿಕೊಂಡು ಊರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮುಖದ ಬಣ್ಣ ಸಂಜೆಬೆಳಕಿನದು ಎಂದುಕೊಂಡೆ. ಒಳಗೆ ಹೋದ ಮೇಲೂ ಆ ಬಣ್ಣ ಹೋಗಲಿಲ್ಲ. ಮುಖ, ಕುತ್ತಿಗೆ, ತೋಳು ಎಲ್ಲವೂ ಹಳದಿ.

"ಹಂಗ್ಯಾಕ ನೋಡ್ತಿ ತಮ್ಮಾ?" ಎಂದಳು. "ಮತ್ತೊಮ್ಮೆ ಮದಿವಿಗೆ ಅರಿಷಿಣ ಹಚ್ಯಾರ."

ಯಾರೂ ನಗಲಿಲ್ಲ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಮೂಲೆಯಲ್ಲಿ ಕಾಳು ಆರಿಸುತ್ತ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ಬಸುರಿ ಬಾಣಂತಿಯರ ವಿಷಯದಲ್ಲಿ ಅವಳ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ.

"ಕಾಮಣಿ ಆಗೈತಿ. ಉಚ್ಚಿನೂ ಹಳದಿ. ಹೊಟ್ಟಿಗೆ ಇಳಿಯೋದ್ರಾಗ ಬರಿ ಹಾಕಸ್ಬೇಕು. ಇರಕಲ್ಲಗಡದಾಗ ಒಬ್ಬಾಕಿ ಮುದುಕಿ ಅದಾಳ."

ಬರೆ ಎಂದರೆ ಕಾಯಿಸಿದ ಕಬ್ಬಿಣದಿಂದ ಸುಡುವುದು. ಕಾಮಣಿಗೆ, ಅಂದರೆ ಕಾಮಾಲೆಗೆ, ನಮ್ಮಲ್ಲಿ ಅದೇ ಮದ್ದು. ಬಸುರಿಯ ಹೊಟ್ಟೆಗೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. "ಬೆಳಿಗ್ಗೆ ಡಾಕ್ಟರ್ ಸಾಹೇಬ್ರನ್ನ ಕೇಳಿ ಬರ್ತೀನಿ, ಅಲ್ಲೀ ತನಕ ತಡೀರಿ" ಎಂದೆ. ದೊಡ್ಡವ್ವ ಮಾತಾಡಲಿಲ್ಲ. ಅವಳು ಸುಮ್ಮನಾದದ್ದನ್ನು ಒಪ್ಪಿಗೆ ಎಂದುಕೊಂಡೆ.

ಬೆಳಿಗ್ಗೆ ದಾರಿಯ ದಣಿವಿಗೆ ತಡವಾಗಿ ಎದ್ದು, ಒಳಗೂ ಇಣುಕದೆ ಡಾಕ್ಟರರ ಮನೆಗೆ ಹೋದೆ. ಅವರು ಜ್ವರಕ್ಕೆ ಗುಲ್ಮ ಬಾತಿದೆಯೇ ಎಂದು ಹುಡುಗರ ಹೊಟ್ಟೆ ಒತ್ತಿ ನೋಡಲು ಪಕ್ಕದ ಕೇರಿಗೆ ಹೋಗಿದ್ದರು. ಕಾದು ಕೂತೆ. ಬಂದವರು ನಾನು ಕಾಲೇಜಿನವನೆಂದು ತಿಳಿದು ಸಂತೋಷದಿಂದ ಉರ್ದುವಿನಲ್ಲಿ ಮಾತಾಡಿಸಿದರು. ನಡುವಯಸ್ಸಿನ, ಸೌಮ್ಯ ಮುಖದ ಮನುಷ್ಯ. ಮನೆಯಲ್ಲೊಬ್ಬರಿಗೆ ಮೈಯೆಲ್ಲ ಹಳದಿಯಾಗಿದೆ, ಕಾಮಾಲೆ ಎನ್ನುತ್ತಾರೆ, ಏನು ಮಾಡಬೇಕು ಎಂದು ಕೇಳಿದೆ.

ಅವರು ಎದ್ದು ಬಾಗಿಲು ಮುಂದಕ್ಕೆ ತಳ್ಳಿದರು. "ಕಾಮಾಲೆ ಅಲ್ಲ, ಅದು ಗುಳಿಗೆಯ ಬಣ್ಣ. ಕೆಲವರಿಗೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕಣ್ಣಿನ ಬಿಳಿ ನೋಡು, ಬಿಳಿಯಾಗಿಯೇ ಇರುತ್ತದೆ. ನೀನು ಓದಿದವನು, ನಿನಗೆ ಹೇಳುತ್ತಿದ್ದೇನೆ. ಊರಲ್ಲಿ ಸದ್ಯಕ್ಕೆ ಹೇಳಬೇಡ."

"ಯಾಕೆ?"

"ಹೇಳಿದರೆ ಅರ್ಧ ಜನ ನುಂಗುವುದಿಲ್ಲ. ಬಣ್ಣ ಬರದವರಿಗೆ ತಮ್ಮದು ಬರೀ ಹಿಟ್ಟು ಎಂದು ಗೊತ್ತಾಗುತ್ತದೆ. ಇಷ್ಟು ದಿನದ ಕೆಲಸ ಕೆಟ್ಟುಹೋಗುತ್ತದೆ. ಈ ಕೆಲಸ ಕೈಗೂಡಿದರೆ ಎಷ್ಟು ಊರುಗಳಲ್ಲಿ ಎಷ್ಟು ಜೀವ ಉಳಿಯುತ್ತದೆ, ಯೋಚಿಸು."

ಯೋಚಿಸಿದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನನ್ನು ಅವರು ತಮ್ಮ ಕಡೆಯವನೆಂದು ಎಣಿಸಿದ್ದು ಆ ವಯಸ್ಸಿಗೆ ಹೆಮ್ಮೆ ಎನಿಸಬೇಕಿತ್ತು. ಆದರೆ ಹಿಂದಿನ ರಾತ್ರಿ ಅವ್ವ ಎಲ್ಲರ ಪಾಲಿನ ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿ ಅಕ್ಕನ ಅಂಗೈಗೆ ಹಾಕಿದ್ದು ಕಣ್ಣಿಗೆ ಬಂತು. "ಅವಳು ಬಸುರಿ, ಸಾಹೇಬರೆ. ಎಲ್ಲರ ಪಾಲಿನದನ್ನೂ ಅವಳೇ ನುಂಗುತ್ತಿದ್ದಾಳೆ" ಎಂದೆ.

ಅವರ ಮುಖ ಬದಲಾದದ್ದನ್ನು ನಾನು ಈಗಲೂ ನೋಡಬಲ್ಲೆ. "ಬಸುರಿಯರಿಗೆ ಕೊಡಲು ನಾನು ಹೇಳಿಯೇ ಇಲ್ಲ. ನಿಮ್ಮ ತಂದೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಎಷ್ಟು ತಲೆ ಅಂತ."

ಅವರು ಕೋಟು ಹಾಕಿಕೊಂಡು ನನ್ನ ಜೊತೆಗೇ ಹೊರಟರು. ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ. ಅಪ್ಪ ಗದ್ದೆಗೆ ಹೋಗಿದ್ದ. ಅವ್ವ ಒಲೆಯ ಮುಂದೆ ಮುಖ ಮುಚ್ಚಿ ಕೂತಿದ್ದಳು.

"ಎಲ್ಲಿ ಅಕ್ಕ?"

"ನಿನ್ನ ಕೂಡ ಜಗಳ ಯಾಕಂತ ಕೋಳಿ ಕೂಗಿದಾಗನ ಹೋದ್ರು. ಇವತ್ತ ಆದಿತ್ಯವಾರ, ಆ ಮುದುಕಿ ಇವತ್ತ ಬಿಟ್ರ ಮುಂದಿನ ವಾರನ ಅಂತ. ನಿಮ್ಮ ಕಾಕಾ ಬಂಡಿ ಹೂಡ್ಯಾನ."

ಆ ದಾರಿಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ತುಳಿದಿದ್ದೇನೋ ಲೆಕ್ಕವಿಲ್ಲ. ನನ್ನದೊಂದು ಸೈಕಲ್ಲು, ಕಂಪೌಂಡರನದೊಂದು. ಡಾಕ್ಟರರಿಗೆ ಅಭ್ಯಾಸ ತಪ್ಪಿತ್ತು. ಗದ್ದೆಯ ಬದುವಿನ ಮೇಲೆ ಎರಡು ಸಲ ಕೆಸರಿಗೆ ಬಿದ್ದರು, ಮಾತಾಡದೆ ಎದ್ದು ಹತ್ತಿದರು. ಹಸಿರು ಮುಗಿದು ಕಲ್ಲುಗುಡ್ಡದ ದಾರಿ ಶುರುವಾದ ಮೇಲೆ ಎದುರು ಬಂದ ಪ್ರತಿ ಬಂಡಿಯನ್ನೂ ನಿಲ್ಲಿಸಿ ಕೇಳಿದೆ. "ಹಳದಿ ಹೆಣ್ಮಗಳಾ? ಭಾಳ ಹೊತ್ತಾತು ಹೋಗಿ" ಎಂದ ಒಬ್ಬ. ಸೈಕಲ್ಲಿನ ಚೈನು ಕಳಚಿತು. ಹಾಕಿದರೆ ಮತ್ತೆ ಮತ್ತೆ ಜಾರುತ್ತಿತ್ತು. ಹೊಟ್ಟೆಯ ಮೇಲೆ ಕಬ್ಬಿಣ ಇಟ್ಟಾಗ ಮೈ ಹೇಗೆ ಬಿಗಿಯುತ್ತದೆ, ಒಳಗಿನ ಕೂಸಿಗೆ ಏನಾಗುತ್ತದೆ ಎಂದು ಡಾಕ್ಟರರನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಉತ್ತರ ಬಂದೀತು ಎಂಬ ಹೆದರಿಕೆ.

ಮುದುಕಿಯ ಮನೆ ಊರ ಅಂಚಿನಲ್ಲಿತ್ತು. ಅಂಗಳದಲ್ಲಿ ಜನ ಸಾಲಾಗಿ ಕೂತಿದ್ದರು. ಸಗಣಿಕುಳ್ಳಿನ ಕೆಂಡದಲ್ಲಿ ಬೆರಳುದ್ದದ ಕಬ್ಬಿಣದ ಕಡ್ಡಿ. ಚಾಪೆಯ ಮೇಲೆ ಅಕ್ಕ. ದೊಡ್ಡವ್ವ ಅವಳ ಎರಡೂ ಕೈ ಹಿಡಿದಿದ್ದಳು. ಸೀರೆ ಸರಿಸಿದ ಹೊಟ್ಟೆಯ ಮೇಲೆ ಹೊಕ್ಕುಳಿನ ಸುತ್ತ ಮುದುಕಿ ಬೂದಿಯಿಂದ ಗುರುತು ಹಾಕಿ ಮುಗಿಸಿದ್ದಳು.

"ನಿಲ್ಲಸ್ರಿ," ಎಂದೆ. ಯಾರೂ ತಿರುಗದಿದ್ದಾಗ ಮತ್ತೊಮ್ಮೆ ಕೂಗಿದೆ.

ಮುದುಕಿ ತಲೆ ಎತ್ತಿದಳು. "ಯಾರಪಾ ನೀನು?"

"ಅಕಿ ತಮ್ಮ."

"ತಮ್ಮ ಆದ್ರ ಬಂದು ಕಾಲ ಹಿಡ್ಕೊ. ಒದರಬ್ಯಾಡ."

"ಇದು ಕಾಮಣಿ ಅಲ್ಲಬೇ. ಗುಳಿಗಿ ಬಣ್ಣ."

ದೊಡ್ಡವ್ವನಿಗೆ ಸಿಟ್ಟು ಬಂತು. "ಗುಳಿಗಿ ನುಂಗಿದ್ರ ಮೈ ಹಳದಿ ಆಗತೈತೇನು? ಬದ್ನಿಕಾಯಿ ತಿಂದಾವ ನೀಲಿ ಆಗ್ಯಾನೇನು? ಇದನ್ನ ಕಲ್ಯಾಕ ನಿಮ್ಮಪ್ಪ ರೊಕ್ಕ ಕಳಿಸ್ತಾನ?"

ಸಾಲಿನಲ್ಲಿದ್ದವರು ನಕ್ಕರು. ನಾನು ಕಣ್ಣಿನ ಬಿಳಿಯ ಮಾತು ಎತ್ತಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮುದುಕಿಯ ಕೈ ಕೆಂಡದ ಕಡೆ ಹೋಯಿತು. ಆಗ ಡಾಕ್ಟರರು ಕೋಟು ಬಿಚ್ಚಿದರು. ಅಂಗಿ ಬಿಚ್ಚಿದರು. ಅಷ್ಟು ಜನರೆದುರು, ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಬರೀ ಮೈಯಲ್ಲಿ ನಿಂತರು. ಬಿಸಿಲಿಗೆ ಕಂದಿದ ಮುಖದಲ್ಲಿ ಗೊತ್ತಾಗಿರಲಿಲ್ಲ, ಅವರ ಎದೆ, ಹೊಟ್ಟೆ ಅಕ್ಕನ ತೋಳಿನಂತೆಯೇ ಹಳದಿಯಾಗಿತ್ತು. ಗುಳಿಗೆಯನ್ನು ಅವರೂ ನುಂಗುತ್ತಿದ್ದರು.

ಮುದುಕಿ ಹತ್ತಿರ ಬಂದು ಅವರ ತೋಳನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇವಂದು ಅಕಿಕಿಂತ ಹೆಚ್ಚೈತಿ. ಮದ್ಲ ಇವನ್ನ ಕೆಡವ್ರಿ."

ಅಂಗಳವೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಗಂಡಾಂತರ ಕಳೆಯಿತು ಎಂದುಕೊಂಡೆ. ಆದರೆ ಡಾಕ್ಟರರು ಅಷ್ಟಕ್ಕೆ ನಿಲ್ಲಿಸಲಿಲ್ಲ. "ಅವರಿಗೆ ಹೇಳು" ಎಂದರು ನನಗೆ. "ಬಣ್ಣ ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ. ಇದನ್ನೂ ಹೇಳು."

ಸಾಲಿನಲ್ಲಿ ಉರ್ದು ಬಲ್ಲವರು ಒಬ್ಬಿಬ್ಬರಿದ್ದರು, ಅವರ ನಗು ಆಗಲೇ ನಿಂತಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಬಂಡಿಯ ಹತ್ತಿರ ಕೂತಿದ್ದ ಕಾಕಾ ಬಾರುಕೋಲು ಹಿಡಿದೇ ಎದ್ದು ಬಂದ.

"ಗೊತ್ತಿದ್ದೂ ಹೇಳಲಿಲ್ಲೇನು? ಬಸರಿ ಹೆಂಗ್ಸಿನ ಮ್ಯಾಲ ಆಟ ಆಡ್ಯಾನ ಇಂವ. ಇವನ್ನ ಬಿಟ್ಟು ಯಾರಿಗೆ ಹಾಕೂದು ಬರಿ?"

ಇನ್ನೂ ಮೂರುನಾಲ್ಕು ಜನ ಎದ್ದರು. ಒಬ್ಬ ಡಾಕ್ಟರರ ಕೈ ತಿರುವಿ ಹಿಡಿದ. ಆ ಗಳಿಗೆಯೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ಕಡೆ ಕೆಂಪಗೆ ಕಾದ ಕಬ್ಬಿಣ ಇನ್ನೂ ಮುದುಕಿಯ ಕೈಗೆಟಕುವಲ್ಲೇ ಕೆಂಡದಲ್ಲಿತ್ತು, ಇನ್ನೊಂದು ಕಡೆ ಬಾರುಕೋಲು ಮೇಲೆದ್ದಿತ್ತು. ಯಾವುದನ್ನು ನೋಡಬೇಕು, ಯಾವುದರ ಅಡ್ಡ ಹೋಗಬೇಕು ಎಂದು ತಿಳಿಯದೆ ನಾನು ನಡುವೆ ನಿಂತಿದ್ದೆ. ಡಾಕ್ಟರರು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ.

ಅಕ್ಕ ಎದ್ದು ಕೂತು ಸೀರೆ ಸರಿಮಾಡಿಕೊಂಡಳು. "ಕಾಕಾ, ಬಿಡು ಅವರ್ನ. ಅವರ್ನ ಹೊಡದು ಕೆಡವಿದ್ರ ನನ್ನ ಹೊಟ್ಟ್ಯಾಗ ಏನ ಹೋಗೇತಿ ಅಂತ ಹೇಳಾವ್ರು ಯಾರು?"

ಕಾಕಾನ ಕೈ ಮೇಲೆಯೇ ನಿಂತಿತು. ಅಕ್ಕ ಹೊರಗಿನ ಗಂಡಸಿನೊಡನೆ ನೇರವಾಗಿ ಮಾತಾಡಿದ್ದನ್ನು ನಮ್ಮ ಮನೆಯವರು ಯಾರೂ ಕಂಡಿರಲಿಲ್ಲ. ಅವಳು ನನ್ನ ಕಡೆ ನೋಡದೆ ಅವರನ್ನೇ ನೋಡುತ್ತ ಕೇಳಿದಳು. "ಈ ಗುಳಿಗಿ ಕೂಸಿಗೆ ಏನ ಮಾಡತೈತ್ರಿ?"

ನಾನು ಉರ್ದುವಿಗೆ ತಿರುಗಿಸಿದೆ. ಅವರು "ನನಗೆ ಗೊತ್ತಿಲ್ಲ" ಎಂದರು.

"ಗೊತ್ತಿಲ್ಲಂದ್ರ ಹ್ಯಾಂಗ ಕೊಟ್ರಿ?"

"ನೀವು ಆ ಮನೆಯಲ್ಲಿದ್ದೀರಿ ಎಂದು ನನಗೆ ತಿಳಿದಿರಲಿಲ್ಲ."

"ಅದೀನಲ್ಲ. ಏಳನೇ ತಲಿ ನಂದ ಐತಿ."

ಅವರು ಕೈ ಮುಗಿದರು. ಕಾಕಾ ಬಾರುಕೋಲು ಇಳಿಸಿದ. ಮುದುಕಿ ಕಬ್ಬಿಣವನ್ನು ನೀರಿನಲ್ಲದ್ದಿ, "ಮುಂದಿನ ವಾರದೊಳಗ ಕಣ್ಣು ಹಳದಿ ಆದ್ರ ಬರ್ರಿ, ಆಗಲಿಲ್ಲಂದ್ರ ಬರಬ್ಯಾಡ್ರಿ" ಎಂದು ಸಾಲಿನ ಮುಂದಿನವನನ್ನು ಕರೆದಳು.

ಆ "ಗೊತ್ತಿಲ್ಲ" ಕಬ್ಬಿಣಕ್ಕಿಂತ ಹೆಚ್ಚು ಹೆದರಿಸಿತು. ಕಬ್ಬಿಣವನ್ನು ಅಡ್ಡ ಹೋಗಿ ತಡೆಯಬಹುದಿತ್ತು. ಇದು ಆಗಲೇ ಒಳಗೆ ಹೋಗಿತ್ತು. ಮುಂದೆ ನಾನೂ ಓದು ಮುಗಿಸಿ ಪ್ರಯೋಗಶಾಲೆಯಲ್ಲಿ ಬದುಕು ಕಳೆದೆ. ಗಾಜಿನ ನಳಿಗೆಯಲ್ಲಿ ಏನನ್ನಾದರೂ ಬೆರೆಸುವಾಗ ಅದನ್ನು ಕೇಳಬೇಕಿಲ್ಲ, ಅದಕ್ಕೆ ಹೇಳಬೇಕಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಅವರಿಗೆ ಒಳ್ಳೆಯದಾಗಲಿ ಎಂಬ ಮನಸ್ಸು ಸಾಲದು. ಏನು ಗೊತ್ತಿದೆ, ಏನು ಗೊತ್ತಿಲ್ಲ ಎರಡನ್ನೂ ನುಂಗುವವರಿಗೇ ಹೇಳಬೇಕು, ಮನೆಯ ಯಜಮಾನನಿಗೆ ಹೇಳಿದರೆ ಆಗಲಿಲ್ಲ. ಬೇಡ ಎನ್ನಲು ಅವರಿಗೆ ಬಾಗಿಲು ತೆರೆದಿರಬೇಕು. ಇದನ್ನು ನಾನು ಯಾವ ಪಾಠದಲ್ಲೂ ಓದಲಿಲ್ಲ. ನನಗೆ ಇದು ಆ ಅಂಗಳದ ಸುಟ್ಟ ಕುಳ್ಳಿನ ವಾಸನೆಯ ಜೊತೆಗೇ ನೆನಪಾಗುತ್ತದೆ.

ಮರುದಿನ ಡಾಕ್ಟರರು ಚಾವಡಿಯಲ್ಲಿ ಊರವರನ್ನು ಸೇರಿಸಿ ಬಣ್ಣದ ಮಾತು, ಹಿಟ್ಟಿನ ಮಾತು ಎಲ್ಲವನ್ನೂ ಕಂಪೌಂಡರನ ಬಾಯಿಂದ ಹೇಳಿಸಿದರು. ಹೆಂಗಸರನ್ನು ಸೂಲಗಿತ್ತಿಯ ಮನೆಯಲ್ಲಿ ಬೇರೆಯಾಗಿ ಕೂಡಿಸಿ ಅವಳ ಮೂಲಕ ಕೇಳಿಸಿದರು. ಹೆಚ್ಚು ಸಿಟ್ಟಾದವರು ಹಿಟ್ಟು ನುಂಗಿದವರು. "ಅರಿಷಿಣ ಹಿಟ್ಟು ನಮ್ಮ ಮನ್ಯಾಗ ಇರಲಿಲ್ಲೇನ್ರಿ? ನಮ್ಮ ಹುಡುಗ ಚಳಿಗೆ ನಡುಗುವಾಗ ನೀವು ಎದುರಿಗೆ ಕೂತು ನೋಡಿದ್ರಿ" ಎಂದ ಒಬ್ಬ ತಂದೆ. ಅರ್ಧ ಊರು ಗುಳಿಗೆ ತಂದು ಕಟ್ಟೆಯ ಮೇಲೆ ಸುರಿಯಿತು. ಉಳಿದವರು, ಹಳದಿಯಾದರೆ ಆಗಲಿ ಚಳಿ ತಪ್ಪಲಿ ಎಂದು ಕೇಳಿಕೊಂಡೇ ಒಯ್ದರು. "ಒಂದ ಮಳಿಗಾಲ ನೀರಾಗ ಹೋತು" ಎಂದು ಕಂಪೌಂಡರ್ ಗೊಣಗಿದ. ಡಾಕ್ಟರರು ಗಂಗಾವತಿಗೆ ವಾಸ ಬದಲಿಸಿದರು, ಆದರೆ ವಾರಕ್ಕೊಮ್ಮೆ ಬಂದು ಹೊರಗಿನಿಂದಲೇ ಅಕ್ಕನ ಆರೋಗ್ಯ ಕೇಳಿ ಹೋಗುತ್ತಿದ್ದರು.

ಅಕ್ಕ ಗುಳಿಗೆ ನಿಲ್ಲಿಸಿದಳು. ಬಣ್ಣ ಮೆಲ್ಲಗೆ ಇಳಿಯಿತು. ಅದು ಇಳಿದ ಮೇಲೆ ಪಾಳಿ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುತ್ತಿತ್ತು. ಡಾಕ್ಟರರು ಎಲ್ಲಿಂದಲೋ ಒಂದಿಷ್ಟು ಕೊಯಿನಾ ತಂದು, ಇದರಿಂದ ಬಸುರಿಯರಿಗೆ ಆಗಬಹುದಾದ ಕೇಡನ್ನೂ ಹೇಳಿ, ಕಟ್ಟೆಯ ಮೇಲಿಟ್ಟು ಹೋದರು. ಅಕ್ಕ ಎರಡು ಪಾಳಿ ನೋಡಿ, ಮೂರನೆಯದಕ್ಕೆ ತಾನೇ ಕೇಳಿ ನುಂಗಿದಳು. "ಅಕಿ ಹೇಳಿದ್ರ ಆತು" ಎಂದ ಅಪ್ಪ. ಅವನ ಬಾಯಲ್ಲಿ ಅಂಥ ಮಾತು ಹೊಸದು. ನಾನು ಹೆರಿಗೆಯ ತನಕ ಕಾಲೇಜಿಗೆ ಮರಳದೆ ಉಳಿದೆ. ಬಂಡಿಯ ಸದ್ದಾದರೆ ಯಲಬುರ್ಗಿಯಿಂದ ಅತ್ತೆಮನೆಯವರೇ ಬಂದರೆಂದು ಅಪ್ಪ ಬಾಗಿಲಿಗೆ ಹೋಗಿ ನೋಡುತ್ತಿದ್ದ.

ಹೆರಿಗೆ ಹಗಲಿನಲ್ಲೇ ಆಯಿತು. ಹೆಣ್ಣು ಕೂಸು, ಅಳು ಗಟ್ಟಿಯಾಗಿತ್ತು. ಎರಡು ದಿನ ಕಳೆದ ಮೇಲೆ ಕೂಸಿನ ಮುಖ ಹಳದಿಗೆ ತಿರುಗಿತು. ದೊಡ್ಡವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ ಮಲಗಿಸಿದಳು. ಎಷ್ಟೋ ಕೂಸುಗಳಿಗೆ ಆ ಬಣ್ಣ ಬಂದು ತಾನೇ ಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ಇದು ಅದೇಯೋ, ಬೇರೆಯೋ? ಯಾರು ಹೇಳಬೇಕು?

ಆವತ್ತು ಡಾಕ್ಟರರು ಬಂದರು. ಸುದ್ದಿ ಕೇಳಿ ಕಟ್ಟೆಯ ಮೇಲೆ ಕೂಡದೆ ಬಾಗಿಲ ಬಳಿ ನಿಂತರು. ಒಳಗೆ ಬರಲು ಕಾಲು ಎತ್ತಿದವರು ಇಳಿಸಿದರು. "ಕೂಸನ್ನು ನೋಡಬಹುದೇ?" ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪ, "ಬರ್ರಿ, ನೋಡ್ರಿ" ಎಂದ.

ಅವರು ಕದಲಲಿಲ್ಲ. "ನಿಮ್ಮನ್ನಲ್ಲ. ಅವರನ್ನು ಕೇಳುತ್ತಿದ್ದೇನೆ."

ನಾನು ಅದನ್ನು ಒಳಗೆ ಕೇಳುವಂತೆ ಕನ್ನಡದಲ್ಲಿ ಹೇಳಿದೆ. ಕೂಸು ಹಾಲು ಕುಡಿಯುವ ಸಣ್ಣ ಸದ್ದು ಕೇಳುತ್ತಿತ್ತು. ಅಪ್ಪ ನೆಲ ನೋಡುತ್ತಿದ್ದ. ಡಾಕ್ಟರರು ಬಿಸಿಲಿನಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದರು. ನನಗೆ ಆ ಹೊತ್ತು ಇರಕಲ್ಲಗಡದ ದಾರಿಗಿಂತ ಉದ್ದವಾಗಿ ಕಂಡಿತು.

"ನೋಡ್ಲಿ" ಎಂದಳು ಅಕ್ಕ ಕೊನೆಗೆ. "ಮುಟ್ಟೂದ ಬ್ಯಾಡ. ಕಂಡದ್ದನ್ನ ನನಗ ಹೇಳ್ಬೇಕು, ಗೊತ್ತಾಗಲಿಲ್ಲಂದ್ರ ಅದನ್ನೂ ಹೇಳ್ಬೇಕು."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.